ಲುಡ್ಮಿಲ್ಲಾಳ ಬಿಳಿ ಪಾದ

ಜರ್ಮನಿಯ ಹೆರ್ನೆ ಊರಿನ ಟ್ರಾಮುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದ ರೋಸ್ವಿಟಾ ಕ್ಲಿಮ್ಚಾಕ್, ತನ್ನ ಕಣ್ಣು ತಪ್ಪಿಸಿ ಹೋದವರು ಯಾರೂ ಇಲ್ಲವೆಂದು ತಾನೇ ಹೇಳಿಕೊಳ್ಳುತ್ತಿದ್ದಳು. ತಪ್ಪಿಸಿಕೊಂಡು ಹೋದವರು ತಾವಾಗಿ ಬಂದು ಅದು ಸುಳ್ಳೆನ್ನುವ ಸಂಭವ ಕಡಿಮೆಯಾದ್ದರಿಂದ ಆ ಮಾತು ಊರಿನಲ್ಲಿ ಹಾಗೇ ನಿಂತುಬಿಟ್ಟಿತ್ತು. ಕಿಟಕಿಯಾಚೆ ಅತಿಯಾದ ಆಸಕ್ತಿಯಿಂದ ನೋಡುವವನು, ಅವಳು ಹತ್ತಿದ ಕೂಡಲೇ ಶೂ ದಾರ ಕಟ್ಟಲು ಬಗ್ಗುವವನು, ಕೇಳುವ ಮೊದಲೇ ಮುಗುಳ್ನಗುವವನು, ಎಲ್ಲರೂ ಅವಳ ದೃಷ್ಟಿಯಲ್ಲಿ ಕಳ್ಳರೇ. ಒಮ್ಮೆ ಪಾದ್ರಿಯನ್ನು ಇಳಿಸಿದ್ದಳು. ಇನ್ನೊಮ್ಮೆ ಸ್ವಂತ ಅತ್ತೆಯನ್ನೇ ಇಳಿಸಿದ್ದಳು. ಅತ್ತೆಯ ಕೈಯಲ್ಲಿ ಟಿಕೆಟ್ಟೇನೋ ಇತ್ತು, ಆದರೆ ಹಿಂದಿನ ದಿನದ್ದು.

ಇಂಥ ವೀರವನಿತೆಗೆ ಒಂದು ದಿನ ಹೂಗುಚ್ಛ ಕೊಟ್ಟು ನಿವೃತ್ತಿ ಮಾಡಿದರು. ಟ್ರಾಮು ಹೋಯಿತು, ಸಂಶಯ ಮನೆಗೆ ಬಂತು. ಗಣಿ ಕೆಲಸ ಮುಗಿಸಿ ಬಿಯರು, ಇಸ್ಪೀಟು ಅಂತ ಸುಖವಾಗಿದ್ದ ಗಂಡ ಗೆರ್ಡ್ ಮೊದಲ ಬಲಿಯಾದ. ಬೆಳಿಗ್ಗೆ ಪತ್ರಿಕೆ ತರಲು ಮೂಲೆಯ ಗೂಡಂಗಡಿಗೆ ಹೋಗಿಬಂದರೆ ಸಾಕು, "ಅಷ್ಟು ಹೊತ್ತು ಏನ್ ಮಾಡ್ತಿದ್ದೆ? ಯಾರ ಜೊತೆ? ಪತ್ರಿಕೆ ಯಾಕೆ ಮಡಚಿದೆ?" ಎಂಬ ವಿಚಾರಣೆ. ಪ್ರಾಣ ಉಳಿಸಿಕೊಳ್ಳಲು ಗೆರ್ಡ್ ಒಂದು ಉಪಾಯ ಮಾಡಿದ. ಎರಡು ಮೊಲದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟ.

"ಇಗೋ, ಇನ್ಮೇಲೆ ಇವುಗಳ ಮೇಲೆ ಕಣ್ಣಿಡು. ನನ್ನ ಬಿಟ್ಟುಬಿಡು ಮಾರಾಯ್ತಿ."

ಎರಡೂ ಬಿಳಿ ವಿಯೆನ್ನಾ ತಳಿ. ಮೈಯೆಲ್ಲ ಹಾಲು, ಕಣ್ಣು ಮಾತ್ರ ನೀಲಿ. ಗಂಡಿಗೆ ಎಗೊನ್, ಹೆಣ್ಣಿಗೆ ಲುಡ್ಮಿಲ್ಲಾ ಎಂದು ಹೆಸರಾಯಿತು. ಕಿವಿ ತಿರುವಿ ನೋಡಿದ ರೋಸ್ವಿಟಾಳಿಗೆ ಒಳಗೆ ಹಚ್ಚೆ ಹಾಕಿದ ಅಂಕಿಗಳು ಕಂಡವು. ಮೊಲ ಸಾಕುವವರ ಸಂಘದಲ್ಲಿ ನೋಂದಾಯಿಸಿದ ಪ್ರತಿ ಮೊಲಕ್ಕೂ ಹಾಗೆ ಹಾಕುತ್ತಾರೆ. ಆಕೆಯ ಕಣ್ಣು ಒದ್ದೆಯಾಯಿತು. ಜೀವಮಾನವಿಡೀ ಟಿಕೆಟ್ ಹುಡುಕಿದವಳಿಗೆ, ಟಿಕೆಟ್ಟನ್ನು ಕಿವಿಯಲ್ಲೇ ಕೆತ್ತಿಸಿಕೊಂಡು ಓಡಾಡುವ ಪ್ರಾಣಿಯೊಂದು ಈ ಲೋಕದಲ್ಲಿದೆ ಎಂದು ಆವತ್ತೇ ಗೊತ್ತಾದದ್ದು.

ಗಣಿಯವರ ಆ ಕಾಲೊನಿಯಲ್ಲಿ ಪ್ರತಿ ಮನೆಯ ಹಿಂದೆಯೂ ಇಟ್ಟಿಗೆಯ ಪುಟ್ಟ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಮೊಲ. ಬಹುತೇಕ ಮೊಲಗಳು ಕ್ರಿಸ್ಮಸ್ ಹೊತ್ತಿಗೆ ಒಲೆಯ ದಾರಿ ಹಿಡಿಯುತ್ತವೆ. ರೋಸ್ವಿಟಾಳ ಮೊಲಗಳು ಮಾತ್ರ ಹಗಲು ಕೊಟ್ಟಿಗೆಯಲ್ಲಿದ್ದು ಸಂಜೆ ಸೋಫಾದ ಕೆಳಗೆ ಕೂತು ಟೀವಿಯಲ್ಲಿ ಪತ್ತೇದಾರಿ ಧಾರಾವಾಹಿ ನೋಡುತ್ತಿದ್ದವು. ಮೊಲ ಸಾಕುವವರ ಸಂಘದ ಗಂಡಸರು ಇದನ್ನು ಹಿಡಿದು ಕಾಡುತ್ತಿದ್ದರು.

"ಏನ್ ರೋಸಿ, ನಿನ್ನ ಮೊಲಗಳಿಗೆ ಪಿಂಚಣಿ ಶುರುವಾಯ್ತಾ?"

"ನಿಮ್ಮವಕ್ಕೆ ಒಲೆ, ನನ್ನವಕ್ಕೆ ಸೋಫಾ. ಮುಂದಿನ ಜನ್ಮದಲ್ಲಿ ಮೊಲ ಆದ್ರೆ ಯಾರ ಮನೇಲಿ ಹುಟ್ಟಬೇಕು ಅಂತ ಈಗ್ಲೇ ಯೋಚನೆ ಮಾಡ್ಕೊಳ್ಳಿ."

ಸಂಘದವರು ಸೇರುತ್ತಿದ್ದ ಪಬ್ಬಿನಲ್ಲಿ ಬಿಯರ್ ನಲ್ಲಿಯ ಮೇಲೊಂದು ಗೋಡೆ. ಪ್ರತಿ ಶರತ್ಕಾಲದ ಪ್ರದರ್ಶನದಲ್ಲಿ ಗೆದ್ದ ಮೊಲದ ಚಿತ್ರ, ಅದನ್ನು ಎತ್ತಿ ಹಿಡಿದ ಯಜಮಾನನ ಸಮೇತ, ಆ ಗೋಡೆಗೆ ಏರುತ್ತಿತ್ತು. ಅಜ್ಜಂದಿರ ಕಾಲದಿಂದ ತುಂಬುತ್ತ ಬಂದ ಆ ಗೋಡೆಯಲ್ಲಿ ಮೀಸೆಗಳಿದ್ದವು, ಹೊಟ್ಟೆಗಳಿದ್ದವು, ಗಣಿಯ ಟೊಪ್ಪಿಗಳಿದ್ದವು, ಹೆಂಗಸು ಒಬ್ಬಳೂ ಇರಲಿಲ್ಲ. ಲುಡ್ಮಿಲ್ಲಾ ಬೆಳೆದು ನಿಂತ ವರ್ಷ ರೋಸ್ವಿಟಾ ಆ ಗೋಡೆಯ ಕೆಳಗೆ ನಿಂತು ಖಾಲಿ ಜಾಗವೊಂದನ್ನು ಬಹಳ ಹೊತ್ತು ನೋಡಿದಳು. ಆ ಜಾಗ ತನ್ನದು, ತನ್ನ ಮೊಲದ್ದು ಎಂದು ಅಲ್ಲೇ ತೀರ್ಮಾನವಾಯಿತು.

ಬಿಳಿ ಮೊಲದ ಭವಿಷ್ಯ ಇರುವುದು ಅದರ ಪಾದದಲ್ಲಿ. ತೀರ್ಪುಗಾರ ಮೊಲವನ್ನು ಮೇಜಿನ ಮೇಲಿಟ್ಟು ಮೊದಲು ತಿರುಗಿಸಿ ನೋಡುವುದೇ ಹಿಂಗಾಲಿನ ಅಡಿಯನ್ನು. ಉಚ್ಚೆಯ ಹಳದಿ ಕಂಡರೆ ಮುಗಿಯಿತು. ಪಾದ ಬೆಳ್ಳಗಿರಬೇಕಾದರೆ ಪಾದದ ಕೆಳಗಿನ ಹಾಸು ಒಣಗಿರಬೇಕು. ಹೀಗೆ ರೋಸ್ವಿಟಾಳ ಜೀವನದ ಎರಡನೆಯ ಮಹಾ ತನಿಖೆ ಆರಂಭವಾಯಿತು. ಆರೋಪಿ, ಜಗತ್ತಿನಲ್ಲಿ ಸಿಗುವ ಸಮಸ್ತ ಹಾಸು.

ಸಾಕುಪ್ರಾಣಿಗಳ ಅಂಗಡಿಯಲ್ಲಿ ಹಾಸಿನ ಚೀಲಗಳು ಗೋಡೆಯುದ್ದ ನಿಂತಿದ್ದವು, ಪ್ರತಿಯೊಂದರ ಮೇಲೂ ನಗುವ ಮೊಲದ ಚಿತ್ರ. ಕೇಳುವ ಮೊದಲೇ ನಗುವವರನ್ನು ರೋಸ್ವಿಟಾ ಎಂದೂ ನಂಬಿದವಳಲ್ಲ. ಮೀಸೆಯ ಮಾರಾಟಗಾರನೊಬ್ಬ ಹತ್ತಿರ ಬಂದ.

"ಏನು ಬೇಕಾಗಿತ್ತಮ್ಮ? ಇದು ತುಂಬಾ ಚೆನ್ನಾಗಿದೆ, ಲ್ಯಾವೆಂಡರ್ ಪರಿಮಳ ಹಾಕಿದ ಮರದ ಹೊಟ್ಟು."

"ಪರಿಮಳ ಯಾಕೆ ಹಾಕಿದಾರೆ? ಯಾವ ವಾಸನೆ ಮುಚ್ಚೋಕೆ?"

"ಹಾಗೇನಿಲ್ಲಮ್ಮ. ಮೊಲಕ್ಕೆ ಹಿತವಾಗಿರುತ್ತೆ."

"ಮೊಲ ನಿಮ್ಮ ಹತ್ರ ಬಂದು ಹೇಳಿತ್ತಾ? ಆ ಮೂಗಿಗೆ ನಾನು ಸೋಪು ಬದಲಾಯಿಸಿದ್ರೂ ಗೊತ್ತಾಗುತ್ತೆ. ಹಗಲೂ ರಾತ್ರಿ ಅತ್ತರಿನ ಅಂಗಡಿಯಲ್ಲಿ ಮಲಗಿಸ್ತೀರಾ ಅದನ್ನ?"

ಬೆಕ್ಕಿಗೆ ಹಾಕುವ, ಒದ್ದೆಯಾದರೆ ಗಟ್ಟಿಯಾಗುವ ಮಣ್ಣನ್ನು ಆತ ತೋರಿಸಿದ. ಮೊಲ ಕಾಲಡಿ ಇದ್ದದ್ದನ್ನೆಲ್ಲ ಒಮ್ಮೆ ಕಚ್ಚಿ ನೋಡುವ ಪ್ರಾಣಿ, ಅದರ ಹೊಟ್ಟೆಯೊಳಗೆ ಸಿಮೆಂಟು ಕಲಸುವ ಯೋಚನೆ ಯಾರದು ಎಂದು ಇವಳು ಕೇಳಿದಳು. ಜೋಳದ ದಿಂಡಿನ ಹರಳಿಗೂ ಅದೇ ಗತಿ, ಮೇಲಾಗಿ ಅದಕ್ಕೆ ಬೂಸ್ಟು ಬೇರೆ ಹಿಡಿಯುತ್ತದೆ. ಒತ್ತಿ ಮಾಡಿದ ಮರದ ಗುಳಿಗೆ ನೀರನ್ನೇನೋ ಚೆನ್ನಾಗಿ ಹೀರುತ್ತದೆ, ಆದರೆ ಅದರ ಮೇಲೆ ಬರಿಗಾಲಲ್ಲಿ ನಿಂತು ನೋಡಿದ್ದೀರಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಶೂ ಕಳಚಿ ಅಂಗಡಿಯಲ್ಲೇ ನಿಂತು ನೋಡಿದಳು. ಸೆಣಬಿನ ನಾರು ಮೆತ್ತಗಿತ್ತು, ಬೆಲೆ ಮಾತ್ರ ಲುಡ್ಮಿಲ್ಲಾ ರಾಜಮನೆತನಕ್ಕೆ ಸೊಸೆಯಾಗಿ ಹೋದರೆ ಕೊಡಬಹುದಾದಂಥದ್ದು. ಬರೀ ಹುಲ್ಲು ಹಾಸಿದರೆ ಎಗೊನ್ ರಾತ್ರಿಯೊಳಗೆ ಹಾಸಿಗೆಯನ್ನೇ ತಿಂದು ಮುಗಿಸಿ ಬರಿನೆಲದಲ್ಲಿ ಮಲಗುತ್ತಿದ್ದ. ಕೊನೆಗೆ ಉಳಿದದ್ದು ಕಾಲೊನಿಯ ಎಲ್ಲರೂ ಹಿಂದಿನಿಂದ ಮಾಡಿಕೊಂಡು ಬಂದದ್ದೇ. ಕೆಳಗೆ ಮರದ ಹೊಟ್ಟು, ಮೇಲೆ ಗೋಧಿ ಹುಲ್ಲು.

ಆದರೆ ಹೊಟ್ಟು ಯಾರದು? ಅಲ್ಲೇ ಇತ್ತು ತೊಡಕು.

ಸಂಘಕ್ಕೆಲ್ಲ ಹೊಟ್ಟು ತರುತ್ತಿದ್ದವನು ಪಕ್ಕದ ಮನೆಯ ಯುಪ್ ವೆಸ್ಸೊಲೆಕ್. ಸಂಘದ ಅಧ್ಯಕ್ಷ. ಪ್ರತಿ ಆಗಸ್ಟಿನಲ್ಲಿ ತನ್ನ ಗಾಡಿಗೆ ಟ್ರೇಲರ್ ಕಟ್ಟಿಕೊಂಡು ಹೋಗಿ, ಪರಿಚಯದ ಬಡಗಿಯ ಕಾರ್ಖಾನೆಯಿಂದ ಮೂಟೆ ಮೂಟೆ ತುಂಬಿ ತಂದು ಪ್ರತಿ ಸದಸ್ಯನ ಬಾಗಿಲಿಗೆ ಇಳಿಸುತ್ತಿದ್ದ, ಪುಕ್ಕಟೆಯಾಗಿ. ಜೊತೆಗೆ ಅವನೂ ಬಿಳಿ ವಿಯೆನ್ನಾ ಸಾಕುತ್ತಿದ್ದ. ಉಲ್ರಿಕೆ ಎಂಬ ಅವನ ಹೆಣ್ಣು ಮೊಲವೇ ಆ ವರ್ಷ ಲುಡ್ಮಿಲ್ಲಾಗೆ ಎದುರಾಳಿ.

ಆ ಆಗಸ್ಟಿನಲ್ಲಿ ಯುಪ್ ಬಂದು ಮೂಟೆ ಇಳಿಸಿ, "ತಗೋ ರೋಸಿ, ನಿನ್ನ ರಾಣಿಗೆ ಹಾಸಿಗೆ" ಎಂದು ಹೇಳಿಹೋದ. ಮೂಟೆಯ ಬಾಯಿಗೆ ಹಸಿರು ದಾರ. ರೋಸ್ವಿಟಾ ಬೇಲಿಯ ಮೇಲಿಂದ ಬೀದಿಯತ್ತ ಕತ್ತು ಚಾಚಿದಳು. ಉಳಿದೆಲ್ಲರ ಮೂಟೆಗೂ ಬಿಳಿ ದಾರ.

"ಗೆರ್ಡ್! ಬಾ ಇಲ್ಲಿ. ನಮಗೊಬ್ಬರಿಗೇ ಹಸಿರು ದಾರ ಯಾಕೆ?"

"ಬಿಳಿ ದಾರ ಖಾಲಿ ಆಗಿರ್ಬೇಕು."

"ನಮ್ಮ ಮನೆ ಮುಂದೇನೇ ಖಾಲಿ ಆಯ್ತಾ? ಆಚೆ ಮನೆಗೆ ಬರುವಾಗ ಮತ್ತೆ ಹುಟ್ಟಿಕೊಳ್ತಾ? ಇದು ಗುರುತು, ಗೆರ್ಡ್. ಈ ಮೂಟೆ ಬೇರೆ ಮನೆಗೆ ಹೋಗ್ಬಾರ್ದು ಅಂತ ಹಾಕಿರೋ ಗುರುತು."

ಗೆರ್ಡ್ ಬಿಯರ್ ಬಾಟಲಿ ತೆಗೆದ. ಉತ್ತರ ಹೇಳಿದರೆ ಅದರ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆಂಬುದು ಅವನಿಗೆ ದಾಂಪತ್ಯದ ಮೊದಲ ವರ್ಷದಲ್ಲೇ ತಿಳಿದಿತ್ತು.

ರೋಸ್ವಿಟಾ ಒಂದು ಹಿಡಿ ಹೊಟ್ಟನ್ನು ಸಾಕ್ಷ್ಯವಾಗಿ ಖಾಲಿ ಜ್ಯಾಮ್ ಬಾಟಲಿಯಲ್ಲಿ ತುಂಬಿಟ್ಟಳು. ಮಿಕ್ಕದ್ದನ್ನು ತೋಟದ ಕೆಸರು ದಾರಿಗೆ ಸುರಿದಳು. ಮರುದಿನ ಬಸ್ಸು ಹಿಡಿದು, ತನ್ನ ಮುಖ ಯಾರಿಗೂ ಗೊತ್ತಿಲ್ಲದ ಊರಿಗೆ ಹೋಗಿ ಅಪರಿಚಿತ ಬಡಗಿಯೊಬ್ಬನ ಕಾರ್ಖಾನೆಗೆ ನುಗ್ಗಿದಳು. ಮೆಟ್ಟಿಲು ಮಾಡುವವನು, ಹೆಸರು ಓಟ್ಮಾರ್. ಕೀಸುಳಿಯ ಕೆಳಗಿಂದ ಹೊಂಬಣ್ಣದ ಸುರುಳಿಗಳು ಚಿಮ್ಮಿ ಬೀಳುತ್ತಿದ್ದವು.

"ಅಂಟು ಹಾಕಿದ ಹಲಗೆ ಏನಾದ್ರೂ ಸೇರಿದೆಯಾ ಇದರಲ್ಲಿ?"

"ಇಲ್ಲಮ್ಮ, ಗಟ್ಟಿ ಮರ."

"ಬಣ್ಣ? ವಾರ್ನಿಷು? ಹುಳುವಿನ ಔಷಧ?"

"ಏನೂ ಇಲ್ಲ."

"ಹಳೇ ಬಾಗಿಲು, ಹಳೇ ಕಿಟಕಿ ಒಡೆದು ಹಾಕಿದ್ದು?"

"ಹೊಸಾ ಮರ, ತಾಯೀ."

"ನೀವು ಮೊಲ ಸಾಕ್ತೀರಾ? ನಿಮ್ಮ ನೆಂಟರು ಯಾರಾದ್ರೂ? ವೆಸ್ಸೊಲೆಕ್ ಅನ್ನೋ ಹೆಸರು ಕೇಳಿದೀರಾ?"

ಓಟ್ಮಾರ್ ಎಲ್ಲಕ್ಕೂ ಇಲ್ಲ ಎಂದ. ಗೆರ್ಡ್‌ನ ಬೀರುವಿನಿಂದ ಕದ್ದ ಒಂದು ಬಾಟಲಿ ಬಾರ್ಲಿ ಸಾರಾಯಿಗೆ ಎರಡು ಮೂಟೆ ಕೊಟ್ಟು, ಅವಳು ಗೇಟು ದಾಟುವವರೆಗೂ ಗರಗಸ ಚಾಲು ಮಾಡಲಿಲ್ಲ.

ಹೊಸ ಹಾಸು ನೋಡಲು ಸೊಗಸಾಗಿತ್ತು. ಧೂಳಿಲ್ಲ, ದೊಡ್ಡ ದೊಡ್ಡ ಗುಂಗುರು, ಹುಳಿಹುಳಿಯಾದ ಚೊಕ್ಕ ವಾಸನೆ. ಲುಡ್ಮಿಲ್ಲಾ ಅದರಲ್ಲಿ ಎರಡು ಸಲ ಜಿಗಿದು, ಅಡ್ಡ ಬಿದ್ದು, ಕಾಲು ಚಾಚಿ ಮಲಗಿದಳು. ರೋಸ್ವಿಟಾ ಬೇಲಿಯಾಚೆಗೆ ನೋಡಿ ಇಲ್ಲದ ಮೀಸೆ ತಿರುವಿದಳು.

ಸೆಪ್ಟೆಂಬರ್ ಮುಗಿಯುವ ಮೊದಲೇ ಪಾದದಲ್ಲಿ ಕಲೆ ಕಂಡಿತು. ಉಚ್ಚೆಯ ಹಳದಿಯಲ್ಲ, ಚಹಾದಂಥ ಕಂದು. ಮೊದಲು ಹಿಂಗಾಲಿನ ಅಡಿ, ಆಮೇಲೆ ಹೊಟ್ಟೆಯ ಅಂಚು. ರೋಸ್ವಿಟಾ ಬ್ರಶ್ಶಿನಿಂದ ತಿಕ್ಕಿದಳು, ಆಲೂಗಡ್ಡೆ ಹಿಟ್ಟು ಉಜ್ಜಿ ಕೊಡವಿದಳು. ಕಲೆ ಕದಲಲಿಲ್ಲ.

"ಬಂದು ಹೋಗಿದ್ದಾನೆ," ಎಂದಳು.

"ಯಾರು?"

"ಇನ್ಯಾರು? ನಾವು ಸಮುದ್ರ ತೀರಕ್ಕೆ ಹೋದಾಗ ಮೊಲಗಳನ್ನ ನೋಡ್ಕೊಳ್ಳಿ ಅಂತ ಕೊಟ್ಟಿಗೆಯ ಬೀಗದ ಕೈ ಕೊಟ್ಟಿದ್ವಲ್ಲ ಯುಪ್‌ಗೆ. ವಾಪಸ್ ತಗೊಂಡ್ಯಾ?"

"ತಗೊಂಡೆ ಕಣೇ."

"ನಕಲು ಮಾಡಿಸಿರ್ತಾನೆ."

ಆಮೇಲೆ ಕೊಟ್ಟಿಗೆ ಕೋಟೆಯಾಯಿತು. ಬಾಗಿಲ ಸಂದಿಗೆ ತನ್ನ ತಲೆಗೂದಲೊಂದನ್ನು ಅಂಟಿಸಿದಳು. ನೆಲಕ್ಕೆ ಮೈದಾ ಚೆಲ್ಲಿದಳು. ಬೆಳಿಗ್ಗೆ ಮೈದಾದ ಮೇಲೆ ಹೆಜ್ಜೆ ಗುರುತು ಕಂಡಿತು. ಅಳತೆ ಮಾಡಿ, ಆಕಾರ ಬರೆದುಕೊಂಡು, ಹೋಲಿಸುತ್ತ ಹೋದಳು. ಅಡುಗೆಮನೆಯಲ್ಲಿ ಬ್ರೆಡ್ಡಿಗೆ ಲಿವರ್ ಸಾಸೇಜು ಹಚ್ಚುತ್ತ ನಿಂತಿದ್ದ ಗೆರ್ಡ್‌ನ ಚಪ್ಪಲಿಯ ಬಳಿ ತನಿಖೆ ಬಂದು ನಿಂತಿತು.

"ಕೊಟ್ಟಿಗೆಗೆ ಯಾಕೆ ಹೋಗಿದ್ದೆ? ಎಷ್ಟು ಕೊಟ್ಟ ಯುಪ್ ನಿನಗೆ?"

"ಎಗೊನ್‌ಗೆ ಕ್ಯಾರೆಟ್ ಹಾಕೋಕೆ ಹೋಗಿದ್ದೆ. ಲಂಚ ತಗೊಂಡೋನು ಎಗೊನ್, ನಾನಲ್ಲ."

ಕಲೆ ದಟ್ಟವಾಗುತ್ತ ಬಂದಷ್ಟೂ ರೋಸ್ವಿಟಾ ಹಾಸನ್ನು ದಪ್ಪ ಮಾಡುತ್ತ ಹೋದಳು. ಶತ್ರು ಏನನ್ನೇ ಸುರಿದರೂ ತನ್ನ ಶುದ್ಧವಾದ ಹೊಟ್ಟು ಅದನ್ನು ಹೀರಿಬಿಡಲಿ ಎಂದು. ಮೇಲಿನ ಹುಲ್ಲನ್ನೂ ತೆಗೆದುಹಾಕಿದಳು, ಅದು ಯುಪ್‌ನ ಅಳಿಯನ ಹೊಲದ್ದೆಂದು ನೆನಪಾಗಿ. ಈಗ ಲುಡ್ಮಿಲ್ಲಾ ಓಟ್ಮಾರನ ಹೊಂಬಣ್ಣದ ಸುರುಳಿಗಳಲ್ಲಿ ಹೊಟ್ಟೆಯವರೆಗೆ ಹುದುಗಿ ಕೂತಿರುತ್ತಿದ್ದಳು. ಕಲೆ ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು.

ಪ್ರದರ್ಶನದ ಹಿಂದಿನ ಸಂಜೆ ಸದಸ್ಯರೆಲ್ಲ ಮೊಲಗಳನ್ನು ಸಭಾಂಗಣಕ್ಕೆ ತಂದು ಸಾಲು ಪಂಜರಗಳಿಗೆ ಬಿಡುವುದು ಪದ್ಧತಿ. ಪಂಜರಗಳಲ್ಲಿ ಸಂಘದ ಹಾಸು, ಅಂದರೆ ಯುಪ್‌ನ ಹೊಟ್ಟು, ಮೊದಲೇ ಹರಡಿರುತ್ತದೆ. ರೋಸ್ವಿಟಾ ಒಂದು ಕೈಯಲ್ಲಿ ಲುಡ್ಮಿಲ್ಲಾಳ ಪೆಟ್ಟಿಗೆ, ಇನ್ನೊಂದರಲ್ಲಿ ತನ್ನದೇ ಹೊಟ್ಟಿನ ಚೀಲ ಹಿಡಿದು ಬಂದಳು. ಪಂಜರದ ಹಾಸನ್ನೆಲ್ಲ ಬಾಚಿ ನೆಲಕ್ಕೆ ಸುರಿದಳು.

"ಏನ್ ಮಾಡ್ತಿದೀಯ ರೋಸಿ?" ಯುಪ್ ಓಡಿಬಂದ. ದಪ್ಪ ಆಸಾಮಿ, ನಾಲ್ಕು ಹೆಜ್ಜೆ ಓಡಿದರೆ ಮುಖ ಬೀಟ್‌ರೂಟು.

"ನಿನ್ನ ಕೆಲಸಕ್ಕೆ ಇವತ್ತು ಕೊನೆ ಮಾಡ್ತಿದೀನಿ." ಲುಡ್ಮಿಲ್ಲಾಳನ್ನು ಎತ್ತಿ ಕಂದು ಪಾದಗಳನ್ನು ಸಭೆಗೆ ತೋರಿಸಿದಳು. "ನೋಡಿ ಎಲ್ಲರೂ! ನಿಮ್ಮ ಅಧ್ಯಕ್ಷ ನನ್ನ ಕೊಟ್ಟಿಗೆಗೆ ನುಗ್ಗಿ ಮಾಡಿದ ಘನಕಾರ್ಯ. ಗೋಡೆ ಮೇಲೆ ಹೆಂಗಸಿನ ಚಿತ್ರ ಬರ್ಬಾರ್ದು ಅಂತ!"

ಸಭಾಂಗಣದಲ್ಲಿ ಮೊಲಗಳೂ ಜಗಿಯುವುದನ್ನು ನಿಲ್ಲಿಸಿದವು.

"ನಾನಾ? ನಿನ್ನ ಕೊಟ್ಟಿಗೆಗಾ? ನಿನಗೆ ತಲೆ ಕೆಟ್ಟಿದೆಯೇನೇ?"

"ಹಾಗಾದ್ರೆ ಹೇಳು. ಎಲ್ಲರ ಮೂಟೆಗೂ ಬಿಳಿ ದಾರ, ನನಗೆ ಮಾತ್ರ ಹಸಿರು. ಯಾಕೆ?"

ಯುಪ್ ಸುತ್ತ ನೋಡಿದ. ಹೇಳಲು ನಾಚಿಕೆಯಾದವನ ಹಾಗೆ ಕಂಡ. "ನಿನ್ನ ಎಗೊನ್ ಹೋದ ವರ್ಷ ಸೀನ್ತಾ ಇದ್ನಲ್ಲ. ಅದಕ್ಕೆ ನಿನ್ನ ಮೂಟೇನ ಬೇರೆ ಇಟ್ಟು ಜರಡಿ ಹಿಡಿದೆ, ಧೂಳು ಹೋಗ್ಲಿ ಅಂತ. ಬೇರೆಯವ್ರಿಗೆ ಹೋಗ್ಬಾರ್ದು ಅಂತ ಗುರುತಿಗೆ ಹಸಿರು ದಾರ."

ಹಿಂದಿನಿಂದ ಯಾರೋ, "ಜರಡಿ ಹಿಡೀತೀಯಾ? ನಮಗೆ ಯಾವತ್ತೂ ಹಿಡೀಲಿಲ್ವಲ್ಲೋ" ಎಂದು ಗೊಣಗಿದರು.

ಇಷ್ಟು ಮೃದುವಾದ ಉತ್ತರವನ್ನು ರೋಸ್ವಿಟಾ ಟ್ರಾಮಿನಲ್ಲಿ ಬಹಳ ಸಲ ಕೇಳಿದ್ದಳು. ಟಿಕೆಟ್ ಇಲ್ಲದವರ ಅಜ್ಜಿಯರೆಲ್ಲ ಆಸ್ಪತ್ರೆಯಲ್ಲೇ ಇರುತ್ತಿದ್ದರು. ಅವಳು ಕರಗಲಿಲ್ಲ. ಕೈಚೀಲದಿಂದ ಜ್ಯಾಮ್ ಬಾಟಲಿ ತೆಗೆದಳು.

"ಮಾತು ಬೇಡ. ಇದು ನೀನು ಕೊಟ್ಟ ಹೊಟ್ಟು. ಇದರಲ್ಲಿ ಏನು ಬೆರೆಸಿದೀಯ ಅಂತ ಈಗ್ಲೇ ಗೊತ್ತಾಗುತ್ತೆ. ಗೆರ್ಡ್, ಎರಡು ಬಿಯರ್ ಗ್ಲಾಸು ತಾ. ಖಾಲೀದು!"

ಒಂದು ಗ್ಲಾಸಿಗೆ ಯುಪ್‌ನ ಹೊಟ್ಟು, ಇನ್ನೊಂದಕ್ಕೆ ತನ್ನದು. ಕಾಫಿಯ ಮೇಜಿನ ದೊಡ್ಡ ಪಾತ್ರೆಯಿಂದ ಕುದಿನೀರು ಹಿಡಿದು ಎರಡಕ್ಕೂ ಸಮವಾಗಿ ಹುಯ್ದಳು. ಸಂಘದವರೆಲ್ಲ ಮೇಜಿನ ಸುತ್ತ ಮುತ್ತಿದರು. ಕೆಲವರು ಮೊಲಗಳನ್ನು ತೋಳಲ್ಲಿ ಹಿಡಿದೇ ಬಂದಿದ್ದರು, ಅವೂ ನೋಡಿದವು.

ಯುಪ್‌ನ ಗ್ಲಾಸಿನಲ್ಲಿ ಹೊಟ್ಟು ತೇಲಿತು, ಮುಳುಗಿತು, ನೀರು ನೀರಾಗಿಯೇ ಉಳಿಯಿತು. ರೋಸ್ವಿಟಾಳ ಗ್ಲಾಸಿನಲ್ಲಿ ಸುರುಳಿಗಳ ಬುಡದಿಂದ ಒಂದು ಎಳೆ ಹೊರಟಿತು. ತೆಳ್ಳಗಿನ ಕಂದು ಎಳೆ. ಅದರ ಹಿಂದೆ ಇನ್ನೊಂದು. ನೋಡನೋಡುತ್ತಿದ್ದಂತೆ ಗ್ಲಾಸಿನ ತುಂಬ ಒಳ್ಳೆಯ ಕಡು ಚಹಾ. ಲುಡ್ಮಿಲ್ಲಾಳ ಪಾದದ ಬಣ್ಣಕ್ಕೂ ಅದಕ್ಕೂ ಕೂದಲಷ್ಟೂ ವ್ಯತ್ಯಾಸವಿರಲಿಲ್ಲ.

ಗೆರ್ಡ್ ಛಾವಣಿಯನ್ನು ಅತಿಯಾದ ಆಸಕ್ತಿಯಿಂದ ನೋಡತೊಡಗಿದ.

"ಯಾರೋ ಗ್ಲಾಸು ಬದಲಾಯಿಸಿದ್ರು," ಎಂದಳು ರೋಸ್ವಿಟಾ. ಅವಳ ದನಿ ಅವಳಿಗೇ ನಂಬಿಕೆಗೆ ಅರ್ಹವೆನಿಸಲಿಲ್ಲ. ಮೊಬೈಲು ತೆಗೆದು ಓಟ್ಮಾರನಿಗೆ ಕರೆ ಮಾಡಿದಳು, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ. ಅವಳಿಗೆ ಇನ್ನೂ ಒಂದು ಆಸೆ ಉಳಿದಿತ್ತು, ಬಡಗಿಯೇ ಮೋಸಗಾರನಿರಬಹುದೆಂದು.

"ನಾನು, ಮೊಲದವಳು. ನೀವು ನನಗೆ ಸುಳ್ಳು ಹೇಳಿದ್ರಿ. ಆ ಹೊಟ್ಟಿಗೆ ಏನು ಬೆರೆಸಿದ್ರಿ?"

"ಅಯ್ಯೋ, ಮತ್ತೆ ನೀವಾ? ಏನೂ ಬೆರೆಸಿಲ್ಲಮ್ಮ. ಬರೀ ಮರ."

"ಯಾವ ಮರ?"

"ಓಕ್. ಮೆಟ್ಟಿಲಿಗೆ ಇನ್ಯಾವುದು ಹಾಕ್ತಾರೆ? ಒದ್ದೆ ಆದ್ರೆ ಬಣ್ಣ ಬಿಡುತ್ತೆ, ಅದರ ಗುಣಾನೇ ಹಾಗೆ. ನೀವು ಆವತ್ತು ಅದೊಂದು ಬಿಟ್ಟು ಬೇರೆಲ್ಲ ಕೇಳಿದ್ರಿ."

ನಗು ಮೊದಲು ಎಲ್ಲಿ ಹುಟ್ಟಿತೋ ಗೊತ್ತಿಲ್ಲ. ಒಮ್ಮೆ ಹುಟ್ಟಿದ ಮೇಲೆ ಪಂಜರದ ಸಾಲುಗಳನ್ನು ದಾಟಿ ಕಾಫಿ ಮೇಜಿನವರೆಗೂ ಹೋಗಿ ತಿರುಗಿ ಬಂತು. ರೋಸ್ವಿಟಾ ಟ್ರಾಮಿನ ನಡುವೆ ಹಿಡಿದು ನಿಲ್ಲಿಸಿದವರ ಮುಖಗಳನ್ನು ಸಾವಿರಾರು ನೋಡಿದ್ದಳು. ಆ ಮುಖ ಒಳಗಿನಿಂದ ಹೇಗಿರುತ್ತದೆಂದು ಈಗ ತಿಳಿಯಿತು. ಕಿವಿ ಬಿಸಿಯಾಗುತ್ತದೆ, ಕೈ ಎಲ್ಲಿಡುವುದೆಂದು ತೋಚುವುದಿಲ್ಲ, ಶೂ ದಾರ ಕಟ್ಟಿಕೊಳ್ಳಬೇಕೆನಿಸುತ್ತದೆ.

ಅವಳು ಬಗ್ಗಲಿಲ್ಲ. ಅದೊಂದು ಅವಳ ದೊಡ್ಡಸ್ತಿಕೆ. ನೆಟ್ಟಗೆ ನಿಂತು, "ಯುಪ್, ನೀನು ಕಳ್ಳ ಅಲ್ಲ. ನಾನು ಹೇಳಿದ್ದು ತಪ್ಪು. ಲುಡ್ಮಿಲ್ಲಾನ ಮನೆಗೆ ಕರ್ಕೊಂಡು ಹೋಗ್ತೀನಿ," ಎಂದಳು.

"ಹಾಸು ಹಾಕಿದ್ದು ನೀನು. ಮೊಲ ಯಾಕೆ ಮನೆಗೆ ಹೋಗ್ಬೇಕು?" ಎಂದ ಯುಪ್, ಮುಖ ಗಂಟು ಹಾಕಿಕೊಂಡೇ. ಬಗ್ಗಿ ನೆಲದ ಮೇಲೆ ಚೆಲ್ಲಿದ್ದ ಹೊಟ್ಟನ್ನು ಬೊಗಸೆಯಲ್ಲಿ ತುಂಬಿ ಮತ್ತೆ ಪಂಜರಕ್ಕೆ ಹರಡಿದ. ರೋಸ್ವಿಟಾ ಲುಡ್ಮಿಲ್ಲಾಳನ್ನು ಅದರ ಮೇಲೆ ಬಿಟ್ಟಳು. ಹಾಗೆ ಬಿಡುವ ಮೊದಲು ಹೊಟ್ಟಿನ ಒಂದು ಚೂರನ್ನು ಮೂಸಿ ನೋಡಿದಳು ನಿಜ, ಆದರೆ ಬೇರೆ ಯಾರೂ ನೋಡದ ಹಾಗೆ.

ಮರುದಿನ ಬಿಳಿ ಕೋಟಿನ ತೀರ್ಪುಗಾರ ಲುಡ್ಮಿಲ್ಲಾಳ ಕಿವಿ ಅಳೆದ, ಬೆನ್ನು ಸವರಿದ, ತುಪ್ಪಳಕ್ಕೆ ಊದಿ ದಟ್ಟಣೆ ನೋಡಿ ಹುಬ್ಬೇರಿಸಿದ. ಮೈಕಟ್ಟಿನಲ್ಲಿ, ತುಪ್ಪಳದಲ್ಲಿ ಇಡೀ ಸಭಾಂಗಣದಲ್ಲೇ ಅವಳಿಗೆ ಸಮ ಯಾರೂ ಇರಲಿಲ್ಲ. ಆಮೇಲೆ ತಿರುಗಿಸಿ ಪಾದ ನೋಡಿದ. ಬಣ್ಣಕ್ಕೂ ಆರೈಕೆಗೂ ಅಂಕ ಕಳೆದ. ಅರ್ಧ ಅಂಕದ ಅಂತರದಲ್ಲಿ ಉಲ್ರಿಕೆ ಗೆದ್ದಳು. ಬಿಯರ್ ನಲ್ಲಿಯ ಮೇಲಿನ ಖಾಲಿ ಜಾಗಕ್ಕೆ ಯುಪ್‌ನ ಹೊಟ್ಟೆ ಏರುವುದು ನಿಶ್ಚಯವಾಯಿತು.

ರೋಸ್ವಿಟಾ ಅಂಕದ ಕಾರ್ಡು ಓದಿದಳು, ಎರಡು ಸಲ ಓದಿದಳು. ಪಂಜರದ ಸಂದಿಯಿಂದ ಬೆರಳು ತೂರಿಸಿ ಲುಡ್ಮಿಲ್ಲಾಳ ಮೂಗು ಸವರಿದಳು. ಆಮೇಲೆ ಕಾಫಿ ಮೇಜಿಗೆ ಹೋಗಿ, ಬೆಳಿಗ್ಗೆ ತಾನೇ ಬೇಯಿಸಿ ತಂದಿದ್ದ ಪ್ಲಮ್ ಕೇಕಿನ ದೊಡ್ಡ ತುಂಡೊಂದನ್ನು ತಟ್ಟೆಗೆ ಹಾಕಿಕೊಂಡು, ಮೇಲೆ ಕೆನೆ ಸುರಿದು, ಯುಪ್ ಕೂತಲ್ಲಿಗೆ ನಡೆದಳು.

"ತಗೋ. ಗೆದ್ದಿದ್ದಕ್ಕೆ. ಆ ಇನ್ನೊಂದಕ್ಕೂ ಸೇರಿಸಿ."

ಯುಪ್ ಚಮಚ ಎತ್ತಿದ. ಬಾಯಿಯ ಹತ್ತಿರ ಒಯ್ದು ನಿಲ್ಲಿಸಿದ. ಕೆನೆಯನ್ನು ನೋಡಿದ, ಕೆನೆಯ ಕೆಳಗಿನ ಕಂದು ಬಣ್ಣವನ್ನು ನೋಡಿದ, ರೋಸ್ವಿಟಾಳನ್ನು ನೋಡಿದ.

"ಕೆನೆ ಇಷ್ಟೊಂದು ಯಾಕೆ ಹಾಕಿದೀಯ? ಏನು ಮುಚ್ಚೋಕೆ?"

"ಪ್ರೀತಿಯಿಂದ ಹಾಕಿದ್ದು ಕಣೋ."

"ಇಡೀ ವರ್ಷ ಇಲ್ಲದ ಪ್ರೀತಿ, ನಾನು ಗೆದ್ದ ದಿನವೇ ಬಂತಾ? ಮೊದಲು ನೀನು ತಿನ್ನು."

ಸುತ್ತ ಕೂತವರು ಕಾಫಿ ಬಟ್ಟಲು ಕೆಳಗಿಟ್ಟರು. ರೋಸ್ವಿಟಾ ಚಮಚ ತೆಗೆದುಕೊಂಡು ಒಂದು ತುತ್ತು ತಿಂದಳು.

"ಆ ಮೂಲೆ ಅಲ್ಲ. ಈ ಮೂಲೆ."

ಈ ಮೂಲೆಯಿಂದಲೂ ತಿಂದಳು. ಯುಪ್ ಕೈಕಟ್ಟಿ ಹಿಂದಕ್ಕೊರಗಿ, ಇನ್ನೂ ಸ್ವಲ್ಪ ಹೊತ್ತು ನೋಡೋಣ ಎಂದು ಅವಳ ಮುಖವನ್ನೇ ನೆಟ್ಟ ದೃಷ್ಟಿಯಿಂದ ಕಾಯತೊಡಗಿದ. ರೋಸ್ವಿಟಾ ತುತ್ತು ನುಂಗಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ಅವನ ಕಣ್ಣು ಎಲ್ಲೂ ಅತ್ತಿತ್ತ ಸರಿಯಲಿಲ್ಲ. ಪರವಾಗಿಲ್ಲ, ಈ ಮನುಷ್ಯನಿಗೆ ಟಿಕೆಟ್ ತಪಾಸಣೆಯ ಕೆಲಸ ಕಲಿಸಬಹುದು ಎಂದು ಅವಳಿಗೆ ಅನ್ನಿಸಿತು.